ಬಿಸಿಲೂರಿನ ಮಗುವಿಗೆ ಹತ್ತಿನೂಲಿನ ಹೆಣಿಗೆ ಅಂಗಿ

ಹೆಣಿಗೆಯ ಬಟ್ಟೆಗೆ ಹಾಸು ಇಲ್ಲ, ಹೊಕ್ಕು ಇಲ್ಲ, ಮಗ್ಗವೂ ಬೇಡ. ಒಂದೇ ಉದ್ದನೆಯ ನೂಲು ಕುಣಿಕೆಯೊಳಗಿಂದ ಕುಣಿಕೆಯಾಗಿ ಹೊರಬರುತ್ತ, ಸಾಲಿನ ಮೇಲೆ ಸಾಲು ಕೂಡುತ್ತ ಬಟ್ಟೆಯಾಗುತ್ತದೆ. ನೇಯ್ದ ಬಟ್ಟೆಯಲ್ಲಿ ಎಳೆಗಳು ನೆಟ್ಟಗೆ ಬಿಗಿದಿರುತ್ತವೆ. ಹೆಣೆದದ್ದರಲ್ಲಿ ಬಾಗಿ ಬಾಗಿ ಸಾಗುತ್ತವೆ. ಆದ್ದರಿಂದ ಎಳೆದರೆ ಹಿಗ್ಗುತ್ತದೆ, ಮೈಯ ಜೊತೆ ಬಾಗುತ್ತದೆ, ಕುಣಿಕೆಗಳ ಸಂದಿಯಲ್ಲಿ ಗಾಳಿಗೂ ದಾರಿ ಬಿಡುತ್ತದೆ.

ಕನ್ನಡಿಗರಿಗೆ ಹೆಣಿಗೆ ಎಂದರೆ ಸ್ವೆಟರ್, ಸ್ವೆಟರ್ ಎಂದರೆ ಚಳಿಗಾಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲಿ ಬೇಸಿಗೆಗೆ ಅಂಗಿ ಹೆಣೆಯುವ ಮಾತೆತ್ತಿದರೆ ಕೇಳಿದವರು ನಕ್ಕಾರು. ಹಾಗೆ ನಗುವವರೂ ಅಂಗಿಯೊಳಗೆ ಹೆಣಿಗೆಯನ್ನೇ ತೊಟ್ಟಿರುತ್ತಾರೆ. ಹತ್ತಿಯ ಬನಿಯನ್ ಹೆಣೆದ ಬಟ್ಟೆ, ಟೀಶರ್ಟೂ ಅದೇ. ತಮಿಳುನಾಡಿನ ತಿರುಪ್ಪೂರು ಬೆಳೆದದ್ದೇ ಇಂಥ ಹತ್ತಿ ಹೆಣಿಗೆಯ ಮೇಲೆ. ಹಿಂದಕ್ಕೆ ಹೋದರೆ, ಈವರೆಗೆ ಸಿಕ್ಕಿರುವ ಎರಡು ಕಡ್ಡಿ ಹೆಣಿಗೆಯ ಅತಿ ಹಳೆಯ ಮಾದರಿಗಳಲ್ಲಿ ಈಜಿಪ್ಟಿನ ಕಾಲುಚೀಲಗಳು ಸೇರಿವೆ. ಸುಮಾರು 11ರಿಂದ 14ನೇ ಶತಮಾನದ ನಡುವಿನ ಆ ಕಾಲುಚೀಲಗಳ ನೂಲು ಉಣ್ಣೆಯದಲ್ಲ, ನೀಲಿ–ಬಿಳಿ ಬಣ್ಣದ ಹತ್ತಿಯದು. ಬಿಸಿಲ ದೇಶದಲ್ಲಿ ಹತ್ತಿಯ ಜೊತೆ ಬೆಳೆದ ಕಲೆಗೆ ಚಳಿಯ ನಂಟು ಅಂಟಿದ್ದು ಆಮೇಲೆ, ಅದು ಯುರೋಪಿಗೆ ಹೋಗಿ ಉಣ್ಣೆಯ ಕೈಗೆ ಸಿಕ್ಕಾಗ.

ಕಡ್ಡಿ ಹೆಣಿಗೆ ಈ ಭಾಗದ ಮನೆಗಳ ಹಳೆಯ ಕಸುಬಲ್ಲ. ಇಲ್ಲಿಯ ಅಜ್ಜಿಯರ ಸೂಜಿ ಓಡಿದ್ದು ಕೌದಿಯ ಮೇಲೆ. ಚಿತ್ತಾಪುರ, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಸೂಜಿ ಓಡಿದ್ದು ಕನ್ನಡಿ, ಕವಡೆ ಕೂಡಿಸಿದ ಕಸೂತಿಯ ಮೇಲೆ. ತೊಟ್ಟಿಲ ಕೂಸಿಗೆ ಕುಂಚಿಗೆ, ಕುಲಾಯಿ, ಜಬಲಾ ಎಲ್ಲವೂ ನೇಯ್ದ ತೆಳು ಅರಿವೆಯಿಂದ ಕತ್ತರಿಸಿ ಹೊಲಿದಂಥವು. ಅವುಗಳಲ್ಲಿ ಬೇಸಿಗೆಯ ಜಾಣತನ ತುಂಬಿದೆ: ಸಡಿಲ ಅಳತೆ, ಹತ್ತಿಯ ನೂಲು, ಕಡಿಮೆ ಹೊಲಿಗೆ, ಕಟ್ಟಲು–ಬಿಚ್ಚಲು ಸಲೀಸು. ಹೊಸದಾಗಿ ಅಂಗಿಯ ವಿನ್ಯಾಸ ಮಾಡುವವರಿಗೆ ಹೊರದೇಶದ ಪುಸ್ತಕದ ಚಿತ್ರಗಳಿಗಿಂತ ಈ ಜಬಲಾ ಒಳ್ಳೆಯ ಗುರು.

ವಿನ್ಯಾಸ ಆರಂಭವಾಗಬೇಕಾದದ್ದು ಬಿಸಿಲಿನಿಂದ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಆ ಎರಡು ತಿಂಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವ ರೂಢಿಯೂ ಇದರಿಂದಲೇ ಬಂದದ್ದು. ಶಹಾಬಾದ್ ಸುತ್ತಿನ ಮನೆಗಳಲ್ಲಿ ನೆಲಕ್ಕೂ ಮಾಳಿಗೆಗೂ ಅಲ್ಲಿಯದೇ ಸುಣ್ಣಕಲ್ಲಿನ ಫರಸಿ. ಹಗಲೆಲ್ಲ ಕಾದ ಚಾವಣಿಯ ಕಲ್ಲು ರಾತ್ರಿ ಬಹಳ ಹೊತ್ತಿನವರೆಗೆ ಬಿಸಿ ಉಗುಳುತ್ತದೆ. ಮಲಗಿದ ಮಗುವಿನ ಬೆನ್ನು ಬೆವರುವುದು ಆಗಲೇ. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ಅಂಚಿಗೆ ಬೆಳಗಿನ ಹೊತ್ತು ತುಸು ತಂಪಿರುತ್ತದೆ, ಮಧ್ಯಾಹ್ನಕ್ಕೆ ಅಲ್ಲೂ ಇದೇ ಕಥೆ.

ಇಲ್ಲಿಯ ಸೆಕೆ ಮಂಗಳೂರಿನ ಸೆಕೆಯಂಥದಲ್ಲ. ಗಾಳಿ ಒಣಗಿರುತ್ತದೆ, ಬೆವರು ಬೇಗ ಆರುತ್ತದೆ, ಆರುವಾಗ ಮೈಯ ಶಾಖವನ್ನು ಒಯ್ಯುತ್ತದೆ. ಆದರೆ ಚರ್ಮದ ಮೇಲ್ಮೈ ಉಷ್ಣಾಂಶ ಸುಮಾರು 35 ಡಿಗ್ರಿ. ಹೊರಗಿನ ಗಾಳಿ 42 ಡಿಗ್ರಿ ಇದ್ದಾಗ ಅದು ಮೈಯನ್ನು ತಣಿಸುವ ಬದಲು ಕಾಯಿಸುತ್ತದೆ. ಬರೀ ಜಾಳುಜಾಳಾದ ಬಲೆಯಂಥ ಅಂಗಿ ಈ ಊರಿಗೆ ಹೊಂದದಿರುವುದು ಇದಕ್ಕೇ. ಬಿಸಿಲು ನೇರವಾಗಿ ಬೀಳುವ ಹೆಗಲು, ಎದೆಯ ಮೇಲ್ಭಾಗಕ್ಕೆ ಒತ್ತಾದ ಹೆಣಿಗೆ ಬೇಕು. ಬೆವರು ಇಳಿಯುವ ಬೆನ್ನು, ಹೊಟ್ಟೆಗೆ ತೂತುಗಳಿರುವ ಹೆಣಿಗೆ ಬೇಕು. ಎಲ್ಲ ಕಡೆಗೂ ಮೈಗೆ ಅಂಟದ ಸಡಿಲು ಬೇಕು. ಅಂಗಿಯ ರೂಪುರೇಷೆ ಅರ್ಧ ಇಲ್ಲಿಗೇ ಸಿದ್ಧವಾಯಿತು: ತೋಳಿಲ್ಲದ, ಕೆಳಗೆ ಅಗಲವಾಗುವ, ಮೇಲೆ ದಟ್ಟ, ಕೆಳಗೆ ಚುಕ್ಕಿ ಚುಕ್ಕಿ ತೂತಿನ ಅಂಗಿ.

ಇನ್ನು ನೂಲು. ಅಂಗಡಿಯಲ್ಲಿ ಹೆಣಿಗೆಗೆ ಸಿಗುವ ದಾರವನ್ನೆಲ್ಲ ಉಲ್ಲನ್ ಎಂದೇ ಕರೆಯುವುದು ರೂಢಿ. ಅದರಲ್ಲಿ ಬಹುಪಾಲು ಉಣ್ಣೆಯೂ ಅಲ್ಲ, ಹತ್ತಿಯೂ ಅಲ್ಲ, ಅಕ್ರಿಲಿಕ್. ಬಣ್ಣ ಚೆಂದ, ಬೆಲೆ ಕಡಿಮೆ, ಮುಟ್ಟಿದರೆ ಮೆತ್ತಗೆ. ಬೇಸಿಗೆಗೆ ಮಾತ್ರ ಅದು ಬೇಡವೇ ಬೇಡ. ಗಾಳಿಯಿಂದ ಹತ್ತಿ ತನ್ನ ಒಣತೂಕದ ಶೇ. 8.5ರಷ್ಟು ತೇವ ಹೀರುತ್ತದೆ ಎಂಬುದು ಜವಳಿ ಉದ್ಯಮದ ಪ್ರಮಾಣಿತ ಲೆಕ್ಕ. ಅಕ್ರಿಲಿಕ್ ಹೀರುವುದು ಶೇ. 1.5ರಷ್ಟು, ಪಾಲಿಯೆಸ್ಟರ್ ಶೇ. 0.4ರಷ್ಟು. ಹೀರದ ಬಟ್ಟೆಯ ಕೆಳಗೆ ಬೆವರು ನಿಂತರೆ ಮಗುವಿನ ಕುತ್ತಿಗೆ, ಕಂಕುಳಲ್ಲಿ ಬೆವರುಸಾಲೆ ಏಳುತ್ತದೆ. ಚೀಟಿಯ ಮೇಲೆ ನಂಬಿಕೆ ಸಾಲದಿದ್ದರೆ ಒಂದು ತುಂಡನ್ನು ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿ ಗುಂಡಾಗುತ್ತದೆ.

ಹತ್ತಿಯಲ್ಲೂ ಎರಡು ಬಗೆ. ಸಾದಾ ಹತ್ತಿನೂಲು ಮಂಕಾಗಿ, ಮೆತ್ತಗೆ ಇರುತ್ತದೆ, ನೀರು ಬೇಗ ಹೀರುತ್ತದೆ. ಮರ್ಸರೈಸ್ ಮಾಡಿದ ನೂಲಿಗೆ ಹೊಳಪು ಹೆಚ್ಚು, ಬಲ ಹೆಚ್ಚು, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಕಂಡುಕೊಂಡ ವಿಧಾನವಿದು. ಮೊದಲ ಸಲ ಹೆಣೆಯುವವರಿಗೆ ಸಾದಾ ನೂಲು ಹಿತ, ಕಡ್ಡಿಯಿಂದ ಜಾರುವುದಿಲ್ಲ. ಕ್ರೋಶಾ ಕೆಲಸಕ್ಕೆಂದು ಮಾರುವ ಸಣ್ಣ ಉಂಡೆಯ ದಾರ ಸುಲಭವಾಗಿ ಸಿಕ್ಕರೂ ಅದು ಬಿಗಿ ಹುರಿಯ ಗಟ್ಟಿ ದಾರ; ಮೇಜಿನ ಹೊದಿಕೆಗೆ ಸರಿ, ಕೂಸಿನ ಮೈಗೆ ಒರಟು.

ಹತ್ತಿ ಬೆಳೆಯುವ ಕಪ್ಪುನೆಲವೇ ಆದರೂ ಹೆಣಿಗೆಗೆ ತಕ್ಕ ನೂಲು ಇಲ್ಲಿ ತಯಾರಾಗುವುದಿಲ್ಲ. ನಿಜಾಮರ ಕಾಲದಲ್ಲಿ ಕಲಬುರಗಿಯಲ್ಲಿ ಎದ್ದ ಮಹಬೂಬ್ ಶಾಹಿ ಗಿರಣಿ ಮುಚ್ಚಿಹೋಗಿದೆ, ಎಂ.ಎಸ್.ಕೆ. ಮಿಲ್ ಎಂಬ ಬಡಾವಣೆಯ ಹೆಸರಾಗಿ ಉಳಿದಿದೆ, ಅಷ್ಟೆ. ವಾಡಿ ಜಂಕ್ಷನ್ನಿನಿಂದ ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಹೈದರಾಬಾದು ರೈಲಿಗೆ ಸಿಗುವ ಊರುಗಳು. ಚಾದರ, ಟವೆಲ್ಲುಗಳ ಊರಾದ ಸೊಲ್ಲಾಪುರದ ಕಡೆಯ ನೇಕಾರರ ನೂಲು ಕೈಗೆ ಬಂದರೆ ಅದನ್ನೂ ಬಳಸಬಹುದು, ಒಂದು ಲೆಕ್ಕ ತಿಳಿದಿದ್ದರೆ. ‘2/20’ ಎಂದು ಗುರುತು ಹಾಕಿದ ನೂಲು 100 ಗ್ರಾಮಿಗೆ ಸುಮಾರು 1,700 ಮೀಟರ್ ಉದ್ದ ಬರುತ್ತದೆ. ಮಧ್ಯಮ ದಪ್ಪದ ಹೆಣಿಗೆ ನೂಲು 100 ಗ್ರಾಮಿಗೆ 200ರಿಂದ 230 ಮೀಟರ್. ಅಂದರೆ ನೇಕಾರರ ನೂಲಿನ ಎಂಟು ಎಳೆ ಒಟ್ಟಿಗೆ ಹಿಡಿದರೆ ದಪ್ಪ ಹೊಂದುತ್ತದೆ. ತೊಂದರೆ ಏನೆಂದರೆ ಹುರಿಗೊಳಿಸದ ಎಂಟು ಎಳೆಗಳಲ್ಲಿ ಒಂದೆರಡು ಕಡ್ಡಿಯಿಂದ ತಪ್ಪಿಸಿಕೊಳ್ಳುತ್ತಲೇ ಇರುತ್ತವೆ. ತಾಳ್ಮೆ ಇದ್ದವರಿಗೆ ಮಾತ್ರ ಈ ದಾರಿ.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತಿಳಿ ಬಣ್ಣ ಬಿಸಿಲನ್ನು ಕಡಿಮೆ ಹೀರುತ್ತದೆ. ಅಪ್ಪಟ ಬಿಳಿ ಮಾತ್ರ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ, ಕಲ್ಲುಗಣಿಗಳ ಧೂಳಿನಲ್ಲಿ ಎರಡು ದಿನ ಬಾಳುವುದಿಲ್ಲ. ಬೂದುಮಿಶ್ರಿತ ನೀಲಿ, ಅಂದರೆ ಫರಸಿಯ ಬಣ್ಣ, ಅಥವಾ ತೊಗರಿ ಹೂವಿನ ಹಳದಿ ಕಣ್ಣಿಗೂ ತಂಪು, ಧೂಳನ್ನೂ ತೋರಗೊಡದು.

ಕಡ್ಡಿಗಳ ನಂಬರಿನಲ್ಲಿ ಹೊಸಬರು ಎಡವುವುದುಂಟು. ಭಾರತದ ಅಂಗಡಿಗಳಲ್ಲಿ ಇನ್ನೂ ಹಳೆಯ ಬ್ರಿಟಿಷ್ ನಂಬರು ನಡೆಯುತ್ತದೆ. ನಂಬರು ಏರಿದಷ್ಟೂ ಕಡ್ಡಿ ತೆಳು. 8ನೇ ನಂಬರು ಎಂದರೆ 4 ಮಿ.ಮೀ., 10ನೇ ನಂಬರು 3.25 ಮಿ.ಮೀ. ಮಧ್ಯಮ ದಪ್ಪದ ಹತ್ತಿನೂಲಿಗೆ 8ನೇ ನಂಬರಿನ ಒಂದು ಜೊತೆ, ಅಂಚುಪಟ್ಟಿಗೆ 10ನೇ ನಂಬರಿನ ಒಂದು ಜೊತೆ ಸಾಕು. ಹೆಣಿಗೆಯ ಮೂಲ ಕುಣಿಕೆಗಳು ಎರಡೇ, ಸೀದಾ ಮತ್ತು ಉಲ್ಟಾ. ಒಂದು ಸಾಲು ಸೀದಾ, ಮರುಸಾಲು ಉಲ್ಟಾ ಹೆಣೆದರೆ ಬನಿಯನ್ನಿನಂಥ ನಯವಾದ ಮುಖ ಬರುತ್ತದೆ. ಎಲ್ಲ ಸಾಲುಗಳನ್ನೂ ಸೀದಾ ಹೆಣೆದರೆ ಎರಡೂ ಮುಖದಲ್ಲಿ ಏರಿಳಿತದ ಗೆರೆಗಳು ಬರುತ್ತವೆ. ಮೊದಲನೆಯದರ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಎರಡನೆಯದರದು ಮಟ್ಟಸವಾಗಿ ಕೂರುತ್ತದೆ. ಆದ್ದರಿಂದ ಅಂಗಿಯ ಮೈಗೆ ಮೊದಲನೆಯದು, ಅಂಚಿಗೆ ಎರಡನೆಯದು.

ಬೇರೆಯವರ ಮಾದರಿಯನ್ನು ಕುಣಿಕೆಗೆ ಕುಣಿಕೆ ನಕಲು ಮಾಡುವುದಕ್ಕೂ ಸ್ವಂತ ಅಂಗಿ ಹೆಣೆಯುವುದಕ್ಕೂ ಇರುವ ಅಂತರವೆಲ್ಲ ಒಂದು ಚೌಕ ತುಂಡಿನಲ್ಲಿ ಅಡಗಿದೆ. ಅದೇ ನೂಲು, ಅದೇ ಕಡ್ಡಿ, ಅದೇ ಕೈ — ಈ ಮೂರರಿಂದ 15 ಸೆಂ.ಮೀ. ಉದ್ದಗಲದ ತುಂಡೊಂದನ್ನು ಹೆಣೆದು, ಅಂಗಿಯನ್ನು ಹೇಗೆ ಒಗೆಯುವುದೋ ಹಾಗೆಯೇ ಒಗೆದು ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಅಡ್ಡಕ್ಕೆ ಎಷ್ಟು ಕುಣಿಕೆ, ಉದ್ದಕ್ಕೆ ಎಷ್ಟು ಸಾಲು ಎಂದು ಎಣಿಸಬೇಕು. ಒಗೆಯದೆ ಎಣಿಸಿದ ಲೆಕ್ಕ ಹತ್ತಿಯ ಮಟ್ಟಿಗೆ ಸುಳ್ಳು ಲೆಕ್ಕ, ಏಕೆಂದರೆ ಮೊದಲ ಒಗೆತದಲ್ಲಿ ಅದರ ಅಳತೆ ಬದಲಾಗುತ್ತದೆ. ಕೈ ಬಿಗಿಯಿದ್ದವರಿಗೂ ಸಡಿಲಿದ್ದವರಿಗೂ ಒಂದೇ ನೂಲಿನಲ್ಲಿ ಬೇರೆ ಬೇರೆ ಸಂಖ್ಯೆ ಬರುತ್ತದೆ. ಎಲಿಜಬೆತ್ ಜಿಮ್ಮರ್‌ಮನ್ ಎಂಬ ಅಮೆರಿಕದ ಹೆಣಿಗೆಗಾರ್ತಿ 1971ರ ‘ನಿಟ್ಟಿಂಗ್ ವಿಥೌಟ್ ಟಿಯರ್ಸ್’ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ತುಂಡಿನ ಎಣಿಕೆ ಗೊತ್ತಿದ್ದರೆ ಅಳತೆಯಿಂದ ಗುಣಿಸಿ ಯಾವ ಅಂಗಿಯನ್ನಾದರೂ ತಾನೇ ಕಟ್ಟಬಹುದು, ಪರರ ಮಾದರಿಗೆ ಕಾಯಬೇಕಿಲ್ಲ.

ಉದಾಹರಣೆಗೆ 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು ಬಂದಿತೆನ್ನೋಣ. ಆಗ ಒಂದು ಸೆಂ.ಮೀ.ಗೆ 2.2 ಕುಣಿಕೆ, 3 ಸಾಲು. ಇಲ್ಲಿ ಕೊಡುವ ಲೆಕ್ಕವೆಲ್ಲ ಈ ಎಣಿಕೆಯದು. ತುಂಡಿನಲ್ಲಿ ಬೇರೆ ಸಂಖ್ಯೆ ಬಂದವರು ಅದರಿಂದಲೇ ಗುಣಿಸಿಕೊಳ್ಳಬೇಕು. ಉದಾಸೀನ ಮಾಡಿದರೆ ಏನಾಗುತ್ತದೆ ಎಂಬುದೂ ಲೆಕ್ಕದಲ್ಲೇ ಇದೆ. 10 ಸೆಂ.ಮೀ.ಗೆ 22ರ ಬದಲು 20 ಕುಣಿಕೆ ಬೀಳುವ ಕೈಯಲ್ಲಿ 140 ಕುಣಿಕೆಯ ಅಂಗಿಯ ಸುತ್ತಳತೆ 64 ಸೆಂ.ಮೀ. ಆಗುವ ಬದಲು 70 ಆಗುತ್ತದೆ. ಎರಡೇ ಕುಣಿಕೆಯ ಅಂತರಕ್ಕೆ ತಮ್ಮನ ಅಂಗಿ ಅಣ್ಣನ ಪಾಲಾಗುತ್ತದೆ.

ನಾಲ್ಕು ವರ್ಷದ ಮಗುವಿನ ಎದೆಯ ಸುತ್ತಳತೆ ಸಾಮಾನ್ಯವಾಗಿ 58 ಸೆಂ.ಮೀ. ಆಸುಪಾಸು. ಸೊರಗಿದ ಮಗುವಿಗೆ ಕಡಿಮೆ, ಮೈತುಂಬಿದ ಮಗುವಿಗೆ ಹೆಚ್ಚು. ಟೇಪು ಹಿಡಿದು ಅಳೆಯುವುದೇ ಸರಿ. ಅದಕ್ಕೆ 6 ಸೆಂ.ಮೀ. ಸಡಿಲು ಸೇರಿಸಿದರೆ ಕಂಕುಳ ಕೆಳಗೆ ಅಂಗಿಯ ಸುತ್ತಳತೆ 64. ಕೆಳ ಅಂಚಿಗೆ 72 ಇಟ್ಟರೆ ಗಾಳಿ ಕೆಳಗಿನಿಂದ ಒಳಬಂದು ಮೇಲಿನಿಂದ ಹೊರಹೋಗುತ್ತದೆ. ಹೆಗಲಿನಿಂದ ಅಂಚಿನವರೆಗೆ ಉದ್ದ 40 ಸೆಂ.ಮೀ., ಅದರಲ್ಲಿ ತೋಳ ಕಂಡಿಯ ಆಳ 14. ಮುಂಭಾಗ, ಹಿಂಭಾಗ ಎರಡು ಬಿಡಿ ತುಂಡುಗಳಾಗಿ ಹೆಣೆದು ಕೊನೆಗೆ ಕೂಡಿಸುವುದು ಸುಲಭ, ನೆಟ್ಟನೆಯ ಸಾದಾ ಕಡ್ಡಿಗಳಲ್ಲೇ ಆಗುತ್ತದೆ.

ಒಂದು ತುಂಡಿನ ಕೆಳ ಅಂಚು 36 ಸೆಂ.ಮೀ. ಅದನ್ನು 2.2ರಿಂದ ಗುಣಿಸಿದರೆ 79. ಬದಿಯ ಹೊಲಿಗೆಯಲ್ಲಿ ಹೋಗುವ ಎರಡನ್ನೂ ಸೇರಿಸಿ ಸಮಸಂಖ್ಯೆಗೆ ತಂದರೆ 80 ಕುಣಿಕೆ. ಎದೆಯ ಬಳಿ 32 ಸೆಂ.ಮೀ.ಗೆ 70, ಹೊಲಿಗೆಗೆ 2, ಒಟ್ಟು 72. ಅಂದರೆ ಅಂಚಿನಿಂದ ಕಂಕುಳಿಗೆ ಬರುವಷ್ಟರಲ್ಲಿ 8 ಕುಣಿಕೆ ಕಡಿಮೆಯಾಗಬೇಕು, ಬದಿಗೆ ನಾಲ್ಕರಂತೆ. ಅಂಚಿನಿಂದ ಕಂಕುಳಿಗೆ 26 ಸೆಂ.ಮೀ., ಅಂದರೆ 78 ಸಾಲು. ಮೊದಲ 6 ಸಾಲು ಅಂಚುಪಟ್ಟಿ. ಆಮೇಲೆ 14 ಸಾಲಿಗೊಮ್ಮೆ ಎರಡೂ ಬದಿಯಲ್ಲಿ ಒಂದೊಂದು ಕುಣಿಕೆಯನ್ನು ಪಕ್ಕದ್ದರ ಜೊತೆ ಕೂಡಿಸಿ ಹೆಣೆಯುತ್ತ ಹೋದರೆ ನಾಲ್ಕು ಸಲಕ್ಕೆ 56 ಸಾಲು ಮುಗಿಯುತ್ತದೆ. ಉಳಿದ 16 ಸಾಲು ನೇರ.

ತೋಳ ಕಂಡಿಯಲ್ಲಿ ಹೆಗಲಿನ ಒಟ್ಟು ಅಗಲ 24 ಸೆಂ.ಮೀ. ಇಟ್ಟರೆ 52 ಕುಣಿಕೆ ಉಳಿಯಬೇಕು. 72ರಿಂದ 52ಕ್ಕೆ ಇಳಿಯಲು ಬದಿಗೆ 10ರಂತೆ ಹೋಗಬೇಕು: ಮೊದಲು ನಾಲ್ಕನ್ನು ಒಮ್ಮೆಗೇ ಮುಚ್ಚಿ, ಉಳಿದ ಆರನ್ನು ಸಾಲು ಬಿಟ್ಟು ಸಾಲಿಗೆ ಒಂದೊಂದಾಗಿ ಕಡಿಮೆ ಮಾಡಿದರೆ ಕಂಕುಳಿಗೆ ಒಳ್ಳೆಯ ಬಾಗು ಬರುತ್ತದೆ. ಹೆಗಲಪಟ್ಟಿ ಒಂದೊಂದಕ್ಕೆ 12, ಕೊರಳಿಗೆ 28. ಮುಂಭಾಗದ ಕೊರಳು 6 ಸೆಂ.ಮೀ. ಆಳ, ಅಂದರೆ ಕೊನೆಯ 18 ಸಾಲಿನಲ್ಲಿ ಅದು ಆರಂಭವಾಗುತ್ತದೆ: ನಡುವಿನ 16 ಮುಚ್ಚಿ, ಎರಡೂ ಕಡೆ ಸಾಲು ಬಿಟ್ಟು ಸಾಲಿಗೆ ಆರು ಸಲ ಒಂದೊಂದು ಕಡಿಮೆ, ಆಮೇಲೆ ನೇರ. ಹಿಂಭಾಗಕ್ಕೆ 2 ಸೆಂ.ಮೀ. ಆಳ ಸಾಕು, ನಡುವಿನ 22 ಮುಚ್ಚಿ ಎರಡೂ ಕಡೆ ಮೂರು ಸಲ ಕಡಿಮೆ ಮಾಡಬೇಕು.

ಹೊಸಬರ ಅಂಗಿ ಸೋಲುವುದು ಇದೇ ಕೊರಳಲ್ಲಿ. ಮೈಗೆ ಹೋಲಿಸಿದರೆ ಮಕ್ಕಳ ತಲೆ ದೊಡ್ಡದು. ನಾಲ್ಕು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 50 ಸೆಂ.ಮೀ. ಮೇಲಿನ ಲೆಕ್ಕದ ಕೊರಳಿನ ಸುತ್ತಳತೆ 36ರ ಆಸುಪಾಸು ಬರುತ್ತದೆ. ಉಣ್ಣೆಯಾದರೆ ಎಳೆದಾಗ ಹಿಗ್ಗಿ ತಲೆ ದಾಟಿಸಿ ಮತ್ತೆ ಕೂರುತ್ತಿತ್ತು. ಹತ್ತಿ ಅಷ್ಟು ಹಿಗ್ಗುವುದಿಲ್ಲ, ಹಿಗ್ಗಿದರೆ ಮರಳುವುದೂ ಇಲ್ಲ. ಕೊರಳನ್ನೇ ದೊಡ್ಡದು ಮಾಡಿದರೆ ಹೆಗಲಿನಿಂದ ಜಾರಿ ಬೀಳುತ್ತದೆ. ಇದಕ್ಕೆ ಉತ್ತರ ಎಡ ಹೆಗಲನ್ನು ಹೊಲಿಯದೆ ಬಿಡುವುದು. ಬಿಟ್ಟ ಹೆಗಲಿನ ಎರಡೂ ಅಂಚು ಸೇರಿ 11 ಸೆಂ.ಮೀ. ಕೂಡಿ ಬಾಯಿ 47 ಆಗುತ್ತದೆ; ಉಳಿದ ಮೂರನ್ನು ಹೆಣಿಗೆಯ ಸಹಜ ಹಿಗ್ಗು ತುಂಬುತ್ತದೆ. ಹಿಂಭಾಗದ ಎಡ ಹೆಗಲನ್ನು 6 ಸಾಲು ಹೆಚ್ಚಿಗೆ ಹೆಣೆದು ಅಲ್ಲಿ ಎರಡು ಗುಂಡಿ ಹಚ್ಚಿ, ಮುಂಭಾಗದ ಹೆಗಲಲ್ಲಿ ಎರಡು ತೂತು ಬಿಟ್ಟರೆ ಆಯಿತು. ಮೂರು ವರ್ಷಕ್ಕಿಂತ ಚಿಕ್ಕ ಮಗುವಾದರೆ ಗುಂಡಿ ಕಿತ್ತು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಗಟ್ಟಿ ದಾರದಲ್ಲಿ ಹಲವು ಸುತ್ತು ಹೊಲಿಯಬೇಕು, ಅಥವಾ ಗುಂಡಿಯ ಬದಲು ಪಟ್ಟಿಯ ಪ್ರೆಸ್ ಬಟನ್ ಬಳಸಬೇಕು. ಕೊರಳಿಗೆ ಎಳೆದು ಕಟ್ಟುವ ಲಾಡಿ ಮಾತ್ರ ಯಾವ ವಯಸ್ಸಿನ ಮಗುವಿಗೂ ಬೇಡ. ಆಟದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಅದು ಉರುಳಾಗುತ್ತದೆ.

ಅಳತೆ ಮುಗಿಯಿತು, ಇನ್ನು ಅಂಗಿಗೆ ತನ್ನದೇ ಮುಖ ಬರಬೇಕು. ತೂತು ಹೆಣೆಯುವ ಉಪಾಯ ಸರಳ. ಎರಡು ಕುಣಿಕೆ ಕೂಡಿಸಿ ಒಂದಾಗಿ ಹೆಣೆದು, ಹೋದ ಒಂದರ ಬದಲಿಗೆ ನೂಲನ್ನು ಕಡ್ಡಿಗೆ ಒಂದು ಸುತ್ತು ಸುತ್ತಿದರೆ ಮುಂದಿನ ಸಾಲಿನಲ್ಲಿ ಆ ಸುತ್ತೇ ಕುಣಿಕೆಯಾಗಿ, ಅದರ ಕೆಳಗೆ ಒಂದು ಗುಂಡನೆಯ ತೂತು ಉಳಿಯುತ್ತದೆ. ಒಂದು ಹೋಗಿ ಒಂದು ಬಂದದ್ದರಿಂದ ಎಣಿಕೆ ಬದಲಾಗುವುದಿಲ್ಲ, ಅಂಗಿಯ ಅಗಲವೂ ಕೆಡುವುದಿಲ್ಲ. ಹೀಗೆ ಎಲ್ಲಿ ಬೇಕೋ ಅಲ್ಲಿ ಒಂದು ಚುಕ್ಕಿ ಇಡುವ ಸ್ವಾತಂತ್ರ್ಯ ಸಿಕ್ಕಿತು. ಚುಕ್ಕಿ ಇಡುವುದು ಗೊತ್ತಿರುವ ಕೈಗಳಿಗೆ ಈ ನಾಡಿನಲ್ಲಿ ಬರವಿಲ್ಲ. ದಿನಾ ಬೆಳಗ್ಗೆ ಅಂಗಳದಲ್ಲಿ ರಂಗೋಲಿ ಹಾಕುವವರ ನೆನಪಿನಲ್ಲಿರುವಷ್ಟು ಮಾದರಿಗಳು ಯಾವ ಹೆಣಿಗೆ ಪುಸ್ತಕದಲ್ಲೂ ಇರಲಾರವು.

ರಂಗೋಲಿಯನ್ನು ಹಾಗೆಯೇ ಕಡ್ಡಿಗೆ ಏರಿಸಿದರೆ ಮಾತ್ರ ಅದು ಕುಗ್ಗಿ ಚಪ್ಪಟೆಯಾಗುತ್ತದೆ. ಹೆಣಿಗೆಯ ಕುಣಿಕೆ ಚೌಕವಲ್ಲ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ ಸಾಕಾದರೆ ಅಷ್ಟೇ ಎತ್ತರಕ್ಕೆ 30 ಸಾಲು ಬೇಕು. ಚೌಕುಳಿ ಕಾಗದದಲ್ಲಿ ಬರೆದ ಏಳು ಮನೆ ಅಗಲ, ಏಳು ಮನೆ ಎತ್ತರದ ಹೂವು ಹೆಣೆದಾಗ 3.2 ಸೆಂ.ಮೀ. ಅಗಲ, 2.3 ಸೆಂ.ಮೀ. ಎತ್ತರದ ಅಮುಕಿದ ಹೂವಾಗುತ್ತದೆ. ಚುಕ್ಕಿಯಿಂದ ಚುಕ್ಕಿಗೆ ಅಡ್ಡಕ್ಕೆ 6 ಕುಣಿಕೆ, ಉದ್ದಕ್ಕೆ 8 ಸಾಲು ಅಂತರ ಇಟ್ಟುಕೊಂಡರೆ ಎರಡೂ 2.7 ಸೆಂ.ಮೀ. ಆಸುಪಾಸು ಬಂದು ಚುಕ್ಕಿಗಳು ಚೌಕಕ್ಕೆ ನಿಲ್ಲುತ್ತವೆ. ಎರಡು ಚುಕ್ಕಿಗಳ ಸಂದಿಯಲ್ಲಿ ಚುಕ್ಕಿ ಇಡುವ ಕ್ರಮವಾದರೆ 4 ಸಾಲು ಮೇಲೆ ಹೋಗಿ 3 ಕುಣಿಕೆ ಪಕ್ಕಕ್ಕೆ ಸರಿಯಬೇಕು. ಈ ಒಂದು ಸೂತ್ರ ಸಿಕ್ಕಮೇಲೆ ಬಹಳಷ್ಟು ಚುಕ್ಕಿ ರಂಗೋಲಿಗಳು ಕಡ್ಡಿಗೆ ಬರುತ್ತವೆ.

ನಮ್ಮ ಅಂಗಿಯ ಮುಂಭಾಗಕ್ಕೆ ಒಂದು, ಎರಡು, ಮೂರು, ನಾಲ್ಕು, ಮತ್ತೆ ಮೂರು, ಎರಡು, ಒಂದು ಎಂಬ ಹದಿನಾರು ಚುಕ್ಕಿಯ ರಂಗೋಲಿ ಹಿಡಿಯುತ್ತದೆ. ಅದರ ಅಗಲ 18 ಕುಣಿಕೆ, ಎತ್ತರ 24 ಸಾಲು, ಎರಡೂ ಸುಮಾರು 8 ಸೆಂ.ಮೀ. ಸಾಲಿನ ನಡುಮಧ್ಯೆ ಬೇರೆ ಬಣ್ಣದ ದಾರದ ಗುರುತು ಹಾಕಿಕೊಂಡು ಅಲ್ಲಿಂದ ಎರಡೂ ಕಡೆ ಎಣಿಸಿದರೆ ತಪ್ಪುವುದಿಲ್ಲ. ಕುಣಿಕೆಗಳು ಸಮಸಂಖ್ಯೆಯಲ್ಲಿರುವುದರಿಂದ ಒಂಟಿ ಚುಕ್ಕಿ ಅರ್ಧ ಕುಣಿಕೆಯಷ್ಟು ಓರೆಯಾಗುತ್ತದೆ. ಹೆಣೆದವರಿಗೆ ಗೊತ್ತು, ನೋಡುವವರಿಗೆ ಕಾಣದು. ಇದೇ ರಂಗೋಲಿಯನ್ನು ಕೆಳ ಅಂಚಿನಿಂದ 12 ಸಾಲು ಬಿಟ್ಟು ನಡುವಿಗೆ ಒಂದು, ಅದರ ಎಡಬಲಕ್ಕೆ ಒಂದೊಂದು ಇಡಬಹುದು.

ಹಿಂಭಾಗದಲ್ಲಿ ಚಿತ್ತಾರಕ್ಕಿಂತ ಕೆಲಸ ಮುಖ್ಯ. ಬೆವರು ಹೆಚ್ಚು ಬೆನ್ನಲ್ಲೇ. ಅಂಚುಪಟ್ಟಿಯ ಮೇಲಿನಿಂದ ಕಂಕುಳಿನವರೆಗೆ ಸಂದಿಚುಕ್ಕಿಗಳನ್ನು ಪೂರ್ತಿ ಹರಡಿದರೆ ಒಳ್ಳೆಯ ಗಾಳಿಯಾಡುತ್ತದೆ. ಕಂಕುಳಿನ ಮೇಲೆ, ಹೆಗಲಿನವರೆಗೆ, ಎರಡೂ ತುಂಡಿನಲ್ಲಿ ತೂತಿಲ್ಲದ ಸಾದಾ ಹೆಣಿಗೆ. ಅಲ್ಲಿ ಬಿಸಿಲನ್ನು ತಡೆಯುವ ಕೆಲಸವಿದೆ, ಜೊತೆಗೆ ಅಂಗಿಯ ಇಡೀ ಭಾರ ತೂಗುವುದೂ ಅದರ ಮೇಲೆ. ಕೂಸಿಗೆ ಹೆಣೆಯುವಾಗ ತೂತು ಇನ್ನೂ ಚಿಕ್ಕದಿರಬೇಕು. ತೆಳು ನೂಲು, 11 ಅಥವಾ 12ನೇ ನಂಬರಿನ ಕಡ್ಡಿ ತೆಗೆದುಕೊಳ್ಳಬೇಕು. ದೊಡ್ಡ ತೂತಿನಲ್ಲಿ ಎಳೆ ಬೆರಳು ಸಿಕ್ಕಿಕೊಳ್ಳುತ್ತದೆ.

ನೂಲು ಎಷ್ಟು ಬೇಕೆಂಬುದನ್ನು ಆ ಚೌಕ ತುಂಡೇ ಹೇಳುತ್ತದೆ. ಅದರ ವಿಸ್ತೀರ್ಣ 225 ಚದರ ಸೆಂ.ಮೀ.; ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿದರೆ 9–10 ಗ್ರಾಂ ಬರುತ್ತದೆ. ಅಂಗಿಯ ಎರಡೂ ತುಂಡು ಸೇರಿ ಸುಮಾರು 2,400 ಚದರ ಸೆಂ.ಮೀ., ಅಂದರೆ 100 ಗ್ರಾಂ ಚಿಲ್ಲರೆ. ಅಂಚು, ತುಂಡು, ಬಿಚ್ಚಿ ಹೆಣೆದದ್ದು ಎಲ್ಲ ಹಿಡಿದು 150 ಗ್ರಾಂ ಒಮ್ಮೆಗೇ ಕೊಳ್ಳುವುದು ಜಾಣತನ. ಬಣ್ಣ ಹಾಕಿದ ಪಾಳಿ ಬದಲಾದರೆ ಅದೇ ನಂಬರಿನ ನೂಲೂ ಒಂದು ಛಾಯೆ ಬೇರೆ ಬರುತ್ತದೆ.

ಎರಡೂ ತುಂಡು ಮುಗಿದಮೇಲೆ ಬಲ ಹೆಗಲು, ಎರಡು ಬದಿ ಹೊಲಿಯಬೇಕು. ಹತ್ತಿ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುವ ಸ್ವಭಾವದ್ದು; ತಿಂಗಳೊಪ್ಪತ್ತಿನಲ್ಲಿ ಹೆಗಲು ಜೋಲು ಬೀಳುತ್ತದೆ. ಬಲ ಹೆಗಲ ಹೊಲಿಗೆಯ ಒಳಗಡೆಗೂ ಹಿಂಗೊರಳಿಗೂ ಒಂದು ತೆಳು ಹತ್ತಿ ನಾಡವನ್ನು ಕೂಡಿಸಿ ಹೊಲಿದರೆ ಅದು ನಿಲ್ಲುತ್ತದೆ. ಕೊರಳು, ತೋಳ ಕಂಡಿಯ ಸುತ್ತ 10ನೇ ನಂಬರಿನ ಕಡ್ಡಿಯಿಂದ ಹೊಸ ಕುಣಿಕೆಗಳನ್ನು ಎತ್ತಿ ಮೂರು ಸಾಲು ಸೀದಾ ಹೆಣೆದು ಮುಚ್ಚಬೇಕು. ಎತ್ತುವಾಗ ನಾಲ್ಕು ಸಾಲಿಗೆ ಮೂರು ಕುಣಿಕೆ ಎಂಬುದು ನಿಯಮ. 30ಕ್ಕೆ 22 ಎಂಬ ಹಳೆಯ ಲೆಕ್ಕವೇ ಅದು. ಈ ಪ್ರಕಾರ ಒಂದು ತೋಳ ಕಂಡಿಗೆ ಸುಮಾರು 70 ಕುಣಿಕೆ ಬರುತ್ತದೆ. ಹೆಚ್ಚು ಎತ್ತಿದರೆ ಅಂಚು ಅಲೆಅಲೆಯಾಗುತ್ತದೆ, ಕಡಿಮೆಯಾದರೆ ಕಂಕುಳು ಕಡಿಯುತ್ತದೆ. ಕ್ರೋಶಾ ಬಲ್ಲವರು ಒಂದು ಸುತ್ತು ಕ್ರೋಶಾ ಹಾಕಿ ಮುಗಿಸಬಹುದು, ಅದು ಇನ್ನೂ ಹಗುರ.

ಒಗೆಯುವ ವಿಷಯದಲ್ಲಿ ಈ ಐದೂರಿಗೆ ತನ್ನದೇ ತೊಡಕಿದೆ. ಸುಣ್ಣಕಲ್ಲಿನ ಪದರಗಳ ನಡುವಿನಿಂದ ಬರುವ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ನೊರೆಯ ಬದಲು ಗಸಿ ಕಟ್ಟುತ್ತದೆ. ಆ ಗಸಿ ಕುಣಿಕೆಗಳ ಸಂದಿಯಲ್ಲಿ ಕೂತು ಮೆತ್ತನೆಯ ಹತ್ತಿಯನ್ನು ಒರಟು ಮಾಡುತ್ತದೆ, ನೀರು ಹೀರುವ ಗುಣವನ್ನೂ ಕುಂದಿಸುತ್ತದೆ. ಬಾರ್ ಸಾಬೂನಿನ ಬದಲು ಸೌಮ್ಯ ಡಿಟರ್ಜೆಂಟ್ ದ್ರವ ಬಳಸಿ, ಕೊನೆಯ ಜಾಲಾಡುವ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಅಥವಾ ನಿಂಬೆರಸ ಹಾಕಿದರೆ ಗಸಿ ಬಿಡುತ್ತದೆ. ಹಿಂಡಿ ತಿರುಚಬಾರದು, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ಹಗ್ಗಕ್ಕೆ ನೇತುಹಾಕಿದರೆ ಒದ್ದೆ ಹತ್ತಿಯ ಭಾರಕ್ಕೆ ಅಂಗಿ ಉದ್ದವಾಗುತ್ತದೆ, ಆದ್ದರಿಂದ ನೆರಳಿನಲ್ಲಿ ಫರಸಿಯ ಮೇಲೆ ಟವೆಲ್ ಹಾಸಿ, ಅಂಗಿಯನ್ನು ಅಳತೆಗೆ ಸರಿಪಡಿಸಿ ಮಲಗಿಸಬೇಕು. ಇಲ್ಲಿಯ ಬೇಸಿಗೆಯಲ್ಲಿ ಒಂದೆರಡು ತಾಸಿಗೆ ಮೇಲ್ಮೈ ಒಣಗುತ್ತದೆ. ಮಗುಚಿ ಹಾಕಿದರೆ ಮಧ್ಯಾಹ್ನದೊಳಗೆ ಅಂಗಿ ಸಿದ್ಧ.

ನಾಲ್ಕು ವರ್ಷದ ಮಗು ವರ್ಷಕ್ಕೆ ಆರೇಳು ಸೆಂ.ಮೀ. ಎತ್ತರ ಬೆಳೆದರೂ ಎದೆಯ ಸುತ್ತಳತೆ ಅಷ್ಟು ಬೇಗ ಹೆಚ್ಚುವುದಿಲ್ಲ. ಮುಂದಿನ ಬೇಸಿಗೆಗೆ ಅಂಗಿ ಮೋಟಾಗುತ್ತದೆಯೇ ಹೊರತು ಬಿಗಿಯಾಗುವುದು ತಡವಾಗಿ. ಕೆಳ ಅಂಚಿನಿಂದ ಕುಣಿಕೆ ಎತ್ತಿ ಬೇರೆ ಬಣ್ಣದಲ್ಲಿ 15 ಸಾಲು ಕೆಳಗೆ ಹೆಣೆದರೆ 5 ಸೆಂ.ಮೀ. ಉದ್ದ ಕೂಡಿ ಇನ್ನೊಂದು ವರ್ಷ ಬರುತ್ತದೆ. ಹೊಲಿದ ಅಂಗಿಗೆ ಈ ಭಾಗ್ಯವಿಲ್ಲ.

ಇಡೀ ಅಂಗಿಯಲ್ಲಿ ಸುಮಾರು 15 ಸಾವಿರ ಕುಣಿಕೆಗಳಿವೆ. ನಿಮಿಷಕ್ಕೆ 20 ಕುಣಿಕೆ ಹೆಣೆಯುವ ಸಾಧಾರಣ ಕೈಗೆ ಅದು ಹನ್ನೆರಡು–ಹದಿಮೂರು ತಾಸಿನ ಕೆಲಸ. ಅಂಚು, ಹೊಲಿಗೆ, ಬಿಚ್ಚಿ ಸರಿಪಡಿಸುವುದು ಸೇರಿ ಇಪ್ಪತ್ತು ತಾಸು ಇಟ್ಟುಕೊಳ್ಳಬಹುದು. ದಿನಕ್ಕೆ ಒಂದು ತಾಸು ಕೂರುವವರು ಶಿವರಾತ್ರಿಯ ಮರುದಿನ ಕಡ್ಡಿ ಹಿಡಿದರೆ, ಯುಗಾದಿಯ ಹೊತ್ತಿಗೆ ಮಗುವಿಗೆ ತೊಡಿಸಬಹುದು.